ನಂದಿ ಬೆಟ್ಟದ ಬುಡದಲ್ಲಿ ಕುದುರೆ ಮೇಲೆ ಒಂದು ಸುತ್ತು

ಭಾನುವಾರ ಬೆಳಗ್ಗೆ 6 ಗಂಟೆಗೆ ಭೋಗನಂದೀಶ್ವರ ದೇವಸ್ಥಾನದ ಹೊರಗೆ ನನ್ನ ಕುದುರೆ ಗೌರಿಯ ಲಾಳದ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಅದೇ ಹೊತ್ತಿಗೆ ಬೆಟ್ಟ ಹತ್ತುವ ಟಾರು ರಸ್ತೆಯಲ್ಲಿ ಬೆಂಗಳೂರಿನ ಬೈಕು, ಕಾರುಗಳು ಸಾಲುಗಟ್ಟಿ ನಿಂತಿರುತ್ತವೆ. ನಾವು ಮೇಲೆ ಹೋಗುವುದಿಲ್ಲ. ಕೋಟೆಗೆ ಕುದುರೆ ಹತ್ತಿಸುತ್ತಿದ್ದ ಹಾದಿಗೆ ಕುದುರೆ ದಾರಿ ಅಂತಲೇ ಹೆಸರಿದೆ, ಆದರೆ ನಮ್ಮದು ಕೆಳಗಿನ ಸುತ್ತು. ನಂದಿ ಊರಿಂದ ಸುಲ್ತಾನ್‌ಪೇಟೆ, ಅಲ್ಲಿಂದ ಹೊಲಗಳ ನಡುವೆ ಮುದ್ದೇನಹಳ್ಳಿ ಕಡೆ, ತಿರುಗಿ ನಂದಿಗೆ. ಫೋನಿನ ಲೆಕ್ಕದಲ್ಲಿ 14 ಕಿ.ಮೀ. ಆರಾಮಾಗಿ ನಡೆಸಿದರೆ, ನಿಲ್ಲುವುದೂ ಸೇರಿ ಮೂರೂವರೆ ಗಂಟೆ.

ಇದರಲ್ಲಿ ಹೆಚ್ಚು ಪಾಲು ಹಳೇ ಬಂಡಿದಾರಿ. ಒಂದು ಕಡೆ ಹಾಸುಬಂಡೆ ಮೇಲೆ ಎರಡು ಗೆರೆ ಕೊರೆದಿವೆ, ನಾಲ್ಕು ಬೆರಳು ಅಗಲ, ಒಳಗೆ ಕೈಯಿಟ್ಟರೆ ನುಣ್ಣಗೆ. ಚಕ್ರದ ಕಬ್ಬಿಣದ ಪಟ್ಟಿ ಉಜ್ಜಿ ಉಜ್ಜಿ ಆಗಿದ್ದು. ಶಿವರಾತ್ರಿಯ ದನಗಳ ಜಾತ್ರೆಗೆ ಇದೇ ದಾರಿಯಲ್ಲಿ ಗಾಡಿ ಹೊಡೆದುಕೊಂಡು ಬರುತ್ತಿದ್ದೆವು ಅಂತ ಪಕ್ಕದ ಹೊಲದ ತಾತ ಹೇಳಿದರು. ಬಂಡೆ ಮೇಲೆ ಲಾಳ ಜಾರುತ್ತದೆ, ಹಾಗಾಗಿ ಅಲ್ಲಿ ನಾನು ಯಾವಾಗಲೂ ಇಳಿದು ನಡೆಯುತ್ತೇನೆ.

ದಾರಿ ಹುಡುಕಿದ್ದು ಹೇಗೆ ಅಂತ ತುಂಬ ಜನ ಕೇಳುತ್ತಾರೆ. ಹಳ್ಳಿ ನಕಾಶೆ ನೋಡಿ, ಅಷ್ಟೇ. ಸರ್ಕಾರದ ಭೂದಾಖಲೆ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದರಲ್ಲಿ ಬಂಡಿದಾರಿ, ಕಾಲುದಾರಿ ಬೇರೆ ಬೇರೆ ಗುರುತು ಮಾಡಿರುತ್ತಾರೆ. ಪಹಣಿಯಲ್ಲಿ ಬ ಖರಾಬು ಅಂತ ಬಿಟ್ಟಿರುವ ಜಾಗ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಸೇರಿದ್ದು, ಪಕ್ಕದ ಜಮೀನಿನವರು ಅದನ್ನು ಉಳುವ ಹಾಗಿಲ್ಲ. ಇದು ಗೊತ್ತಿರಲೇಬೇಕು, ಯಾಕೆಂದರೆ ಹೋದ ವರ್ಷ ಒಂದು ಲೇಔಟಿನವರು ನಮ್ಮ ಸುತ್ತಿಗೆ ಅಡ್ಡ ತಂತಿಬೇಲಿ ಹಾಕಿಬಿಟ್ಟಿದ್ದರು. ನನಗಾದರೆ ಭಾನುವಾರದ ಸವಾರಿ ಹೋಯಿತು, ಹಿಂದಿನ ಹೊಲದವರಿಗೆ ಮಾತ್ರ ಗೊಬ್ಬರ ಸಾಗಿಸಲೂ ದಾರಿಯಿಲ್ಲ. ಊರಿನವರು ನಕಾಶೆ ಹಿಡಿದು ತಹಶೀಲ್ದಾರರಿಗೆ ಅರ್ಜಿ ಕೊಟ್ಟರು, ನಾನೂ ಜೊತೆಗೆ ಹೋದೆ. ಸರ್ವೆಯವರು ಬಂದು ಅಳೆದು ಕಲ್ಲು ನೆಟ್ಟ ಮೇಲೆ ಬೇಲಿ ಸರಿಯಿತು, ಅಷ್ಟು ಹೊತ್ತಿಗೆ ಏಳು ತಿಂಗಳು ಕಳೆದಿತ್ತು. ಆ ಏಳು ತಿಂಗಳಲ್ಲಿ ಯಾರೂ ಓಡಾಡದೆ ದಾರಿ ತುಂಬ ಲಂಟಾನ, ಪಾರ್ಥೇನಿಯಂ ಬೆಳೆದು ದಾರಿಯೇ ಕಾಣುತ್ತಿರಲಿಲ್ಲ. ಈ ಎರಡು ಗಿಡಗಳೂ ಪ್ರಾಣಿಗಳಿಗೆ ವಿಷ. ಅದಕ್ಕೇ ಅಲ್ಲಿ ಲಗಾಮು ಸಡಿಲ ಬಿಡಬೇಡಿ, ಬಾಯಿ ಹಾಕುತ್ತವೆ.

ಗೌರಿ ಕಾಠಿಯಾವಾಡಿ. ಈ ತಳಿಯ ಕಿವಿ ತುದಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ಹಾಗಿರುತ್ತವೆ. ಮುಂದೆ ಏನಿದೆ ಅಂತ ನನಗಿಂತ ಮೊದಲು ಆ ಕಿವಿಗಳಿಗೆ ಗೊತ್ತಾಗುತ್ತದೆ. ಮೊನ್ನೆ ಟೊಮೆಟೊ ಕಿತ್ತು ಮುಗಿದ ತೋಟದಲ್ಲಿ ಸಾಲಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ, ಅಂದರೆ ಮಲ್ಚಿಂಗ್ ಪೇಪರಿನ ಒಂದು ತುದಿ ಎದ್ದು ಗಾಳಿಗೆ ಪಟಪಟ ಅನ್ನುತ್ತಿತ್ತು. ಕಿವಿ ನಿಮಿರಿತು, ಕುತ್ತಿಗೆ ಬಿಗಿಯಾಯಿತು, ನಾಲ್ಕು ಕಾಲೂ ನೆಟ್ಟಂತೆ ನಿಂತಳು. ಹಿಮ್ಮಡಿಯಿಂದ ಒತ್ತಲಿಲ್ಲ, ಸುಮ್ನೆ ಬಿಟ್ಟೆ. ಕುದುರೆಗೆ ಕಣ್ಣು ತಲೆಯ ಪಕ್ಕದಲ್ಲಿದ್ದು ಹೆಚ್ಚೂಕಡಿಮೆ ಸುತ್ತಲೂ ಕಾಣುತ್ತದೆ, ಹಾಗಾಗಿ ಮೂಲೆಯಲ್ಲಿ ಅಲುಗಾಡಿದ್ದೂ ಅದಕ್ಕೆ ಸುದ್ದಿಯೇ. ತೋಟದ ಅಕ್ಕ ನೋಡಿ, "ಇರಪ್ಪ, ಪಾಪ ಹೆದರ್ಕೊಂಡಿದೆ" ಅಂತ ಬಂದು ಪೇಪರಿನ ಮೇಲೆ ಒಂದು ಕಲ್ಲಿಟ್ಟರು. ಗೌರಿ ಉಸ್ಸಂತ ಮೂಗು ಊದಿ, ತಲೆ ತಗ್ಗಿಸಿ ಹೊರಟಳು.

ನೀರಿನ ವಿಷಯ. ಎಚ್‌.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿ ಯೋಜನೆಯಿಂದ ಚಿಕ್ಕಬಳ್ಳಾಪುರದ ಕಡೆಯ ಎಷ್ಟೋ ಕೆರೆ ತುಂಬಿವೆ, ಬೋರ್‌ವೆಲ್‌ಗಳಿಗೆ ಜೀವ ಬಂದಿದೆ, ಸಂತೋಷ. ಆದರೆ ಅದು ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಿಟ್ಟಿದ್ದು. ನಾನಂತೂ ಅಂಥ ಕೆರೆಯಲ್ಲಿ ಕುಡಿಸುವುದಿಲ್ಲ. ಬೋರ್‌ವೆಲ್ ತೊಟ್ಟಿ ಇರುವ ತೋಟದವರನ್ನು ಕೇಳಿದರೆ ಇಲ್ಲಿಯವರೆಗೆ ಒಬ್ಬರೂ ಬೇಡ ಅಂದಿಲ್ಲ. ಒಂದು ಬಕೆಟ್ ಮಾತ್ರ ನಿಮ್ಮದೇ ಇರಲಿ.

ಮನೆಗೆ ಬಂದು ಗೊರಸು ಕೆರೆದಾಗ ಬಲಗಾಲಲ್ಲಿ ಡ್ರಿಪ್ ಪೈಪಿನ ತುಂಡೊಂದು ಸಿಕ್ಕಿಕೊಂಡಿತ್ತು. ಕುಂಟಿರಲೂ ಇಲ್ಲ, ನೋಡದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಬರುವುದಾದರೆ ರಾಗಿ ಕಟಾವು ಮುಗಿದ ಮೇಲೆ ಬನ್ನಿ, ಬದುಗಳು ಒಣಗಿ ಕಾಲಿಗೆ ಗಟ್ಟಿ ನೆಲ ಸಿಗುತ್ತದೆ. ಜಾತ್ರೆ ವಾರ ಬೇಡ. ಜನ ಜಾಸ್ತಿ, ಗೌರಿಗೆ ತಮಟೆ ಸದ್ದೂ ಆಗುವುದಿಲ್ಲ.