ಬಣ್ಣ ಇರುವುದು ಸಿಪ್ಪೆಯಲ್ಲಿ

ಮಾವ ಮೂವತ್ತು ವರ್ಷದಿಂದ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುತ್ತಿದ್ದಾರೆ. ಆದರೆ ದ್ರಾಕ್ಷಿಯಿಂದ ವೈನ್ ಹೇಗಾಗುತ್ತದೆ ಅಂತ ಒಂದು ದಿನವೂ ಕಣ್ಣಾರೆ ನೋಡಿರಲಿಲ್ಲ. ಅದಕ್ಕೇ ಮಾರ್ಚ್‌ನಲ್ಲಿ ಅವರನ್ನು ನಂದಿ ಬೆಟ್ಟದ ತಪ್ಪಲಿನ ಒಂದು ವೈನರಿಗೆ ಕರೆದುಕೊಂಡು ಹೋದೆ.

ನಾವು ಹೋದಾಗ ಬೆಳಗ್ಗೆ ಏಳು ಗಂಟೆ, ಶಿರಾಜ್ ಎಂಬ ಕಪ್ಪು ದ್ರಾಕ್ಷಿಯ ಕೊಯ್ಲು ಆಗಲೇ ಅರ್ಧ ಮುಗಿದಿತ್ತು. ಬಿಸಿಲೇರಿ ಹಣ್ಣು ಕಾದರೆ ಕ್ರೇಟಿನಲ್ಲೇ ಹುಳಿಯಲು ಶುರುವಾಗುತ್ತದಂತೆ. ಅಲ್ಲಿನ ಹುಡುಗ ಒಂದು ಹಣ್ಣು ಹಿಂಡಿ, ಎರಡು ಹನಿ ರಸವನ್ನು ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಬಿಟ್ಟು, ಬೆಳಕಿಗೆ ಹಿಡಿದು ನೋಡಿ "23 ಬ್ರಿಕ್ಸ್" ಎಂದ (ಬ್ರಿಕ್ಸ್ ಅಂದರೆ ರಸದಲ್ಲಿರುವ ಸಕ್ಕರೆಯ ಅಳತೆ). ಮಾವ ಅದರ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಬೀಜ ಕಟಕ್ ಅಂತ ಕಡಿದರು, ಅಂಗೈಗೆ ಉಗುಳಿದರು, ಬೀಜ ಕಂದು ಬಣ್ಣಕ್ಕೆ ತಿರುಗಿತ್ತು. "ಹಣ್ಣಾಗಿದೆ" ಎಂದರು.

ನನಗೆ ಆಶ್ಚರ್ಯವಾಗಿದ್ದು ಬೇರೆ. ಅಷ್ಟು ಕಪ್ಪು ಹಣ್ಣು, ಹಿಂಡಿದರೆ ರಸಕ್ಕೆ ಬಣ್ಣವೇ ಇಲ್ಲ! ಬಣ್ಣವೆಲ್ಲ ಸಿಪ್ಪೆಯಲ್ಲೇ ಇರುವುದು. ಅದಕ್ಕೇ ಕೆಂಪು ವೈನಿಗೆ ತೊಟ್ಟು ಬೇರ್ಪಡಿಸಿ, ಹಣ್ಣು ಒಡೆದು, ರಸ, ಸಿಪ್ಪೆ, ಬೀಜ ಎಲ್ಲವನ್ನೂ ಒಟ್ಟಿಗೇ ಟ್ಯಾಂಕಿಗೆ ಬಿಟ್ಟು ಯೀಸ್ಟ್ ಹಾಕುತ್ತಾರೆ. ಬಿಳಿ ವೈನಿಗಾದರೆ ಮೊದಲೇ ಹಿಂಡಿ ಸಿಪ್ಪೆ ತೆಗೆದು, ಬರೀ ರಸವನ್ನು ತಣ್ಣಗೆ ಹುದುಗಿಸುತ್ತಾರೆ.

ನಾಲ್ಕು ದಿನದ ಹಿಂದೆ ತುಂಬಿದ್ದ ಟ್ಯಾಂಕಿನ ಮೇಲೆ ಹತ್ತಿದೆವು. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವಾಗ ಇಂಗಾಲದ ಡೈಆಕ್ಸೈಡ್ ಬರುತ್ತದಲ್ವಾ, ಅದು ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪ ಚಾಪೆ ಹಾಸಿದಂತೆ ಮಾಡಿತ್ತು. ಕೆಳಗಿನಿಂದ ಸುಂಯ್ ಅಂತ ಸದ್ದು. ವಾಸನೆ ನೋಡೋಣ ಅಂತ ಬಗ್ಗಿದೆ, ಹುಡುಗ ಭುಜ ಹಿಡಿದು ಹಿಂದಕ್ಕೆ ಎಳೆದ. ಆ ಗ್ಯಾಸ್ ಅಲ್ಲೇ ಮಡುಗಟ್ಟಿರುತ್ತದೆ, ಮುಖ ಇಟ್ಟರೆ ಪ್ರಜ್ಞೆ ತಪ್ಪಬಹುದಂತೆ. ಸಿಪ್ಪೆ ಒಣಗಿದರೆ ವೈನ್ ಕೆಡುತ್ತದೆ, ಅದಕ್ಕೆ ದಿನಕ್ಕೆ ಎರಡು ಮೂರು ಸಲ ತಳದ ರಸವನ್ನು ಪಂಪಿನಿಂದ ಎತ್ತಿ ಅದರ ಮೇಲೆ ಸುರಿಯುತ್ತಾರೆ. ಒಂದು ಲೋಟ ತೆಗೆದುಕೊಟ್ಟರು. ಅರ್ಧ ಸಿಹಿ, ಅರ್ಧ ಖಾರ, ನಾಲಿಗೆ ಮೇಲೆ ಚುರುಚುರು. ಬಣ್ಣ ಮಾತ್ರ ನೇರಳೆ ಹಣ್ಣಿನ ರಸದ ಹಾಗೆ ಗಾಢ.

ಕೊನೆಗೆ ಪ್ರೆಸ್ ಹತ್ತಿರ ಹೋದೆವು. ಹಿಂಡಿ ಹಾಕಿದ ಸಿಪ್ಪೆ ಶೇಂಗಾ ಹಿಂಡಿಯ ಹಾಗೆ ರಾಶಿ ಬಿದ್ದಿತ್ತು.

"ಇದನ್ನೇನು ಮಾಡ್ತೀರಪ್ಪ?"

"ಗೊಬ್ಬರ ಮಾಡಿ ತೋಟಕ್ಕೇ ಹಾಕ್ತೀವಿ ಸರ್."

ಮಾವ ಒಂದು ಹಿಡಿ ಎತ್ತಿ, ಬೆರಳಲ್ಲಿ ಉಜ್ಜಿ, ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡರು. ದೊಡ್ಡಬಳ್ಳಾಪುರ ಬರುವವರೆಗೂ ಅದನ್ನು ಮೂಸುತ್ತಲೇ ಇದ್ದರು.