ತಿರುಪಿ ಇರುವ ಸ್ಟೀರಿಯೋ

ನಿನ್ನೆ ಮಧ್ಯಾಹ್ನವಿಡೀ ಮುಂಬೈಯ ಕುರ್ಲಾದ ಸಿಎಸ್‌ಟಿ ರೋಡಿನಲ್ಲೇ ಹೋಯಿತು. ಕಾರಿನ ಹಳೇ ಸ್ಟೀರಿಯೋ ಹೋದ ಮಳೆಗಾಲದಲ್ಲೇ ಕೈ ಕೊಟ್ಟಿತ್ತು. ಅಂಗಡಿಯವ 9 ಇಂಚಿನ ಆಂಡ್ರಾಯ್ಡ್ ಪರದೆ ಹಚ್ಚಿ ತೋರಿಸಿದ್ದೇ ತೋರಿಸಿದ್ದು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘50 ವ್ಯಾಟ್ x 4’. ಅದು ಪೀಕ್ ಲೆಕ್ಕ, ಬರೀ ಕ್ಷಣಮಾತ್ರದ್ದು ಮಾರಾಯರೇ! ಬೇರೆ ಆಂಪ್ಲಿಫೈಯರ್ ಇಲ್ಲದಿದ್ದರೆ ಕಾರಿನ 12 ವೋಲ್ಟ್ ಬ್ಯಾಟರಿಯಲ್ಲಿ ಒಂದೊಂದು ಚಾನೆಲ್ಲಿಗೆ ಸತತವಾಗಿ ಸಿಗೋದು 20 ವ್ಯಾಟಿನ ಆಸುಪಾಸು. ಆ ಸತತ ಲೆಕ್ಕ, ಅಂದರೆ ಆರ್‌ಎಂಎಸ್, ಎಷ್ಟು ಅಂತ ಕೇಳಿದೆ. ‘ಸಾಬ್, ಆವಾಜ್ ಸುನೋ ನಾ’ ಅಂದ.

ಹಿಂದಿನ ಸೀಟಿನಲ್ಲಿದ್ದ ಅಪ್ಪ, ‘ಸಣ್ಣ ಮಾಡಪಾ, ಎದಿ ನಡಗಾಕತ್ತೇತಿ’ ಅಂದರು. ಆಮೇಲೆ, ‘ಇದರಾಗ ಧಾರವಾಡ ಸ್ಟೇಷನ್ ಹತ್ತತೈತೇನು?’ ಎಫ್‌ಎಂ ಮಾತ್ರವಂತೆ, ಮೀಡಿಯಂ ವೇವ್ ಇಲ್ಲ. ಇದ್ದರೂ ಹಗಲುಹೊತ್ತು ಮುಂಬೈತನಕ ಧಾರವಾಡ ಎಲ್ಲಿ ಬರಬೇಕು? ಅದನ್ನು ಅವರಿಗೆ ಹೇಳಲಿಲ್ಲ.

ಕೊನೆಗೆ ತಗೊಂಡದ್ದು ಚಿಕ್ಕ ಪರದೆಯದು. ಕಾರಣ ಒಂದೇ, ವಾಲ್ಯೂಮಿಗೆ ತಿರುಗಿಸುವ ತಿರುಪಿ ಇದೆ. ಮಳೆಯಲ್ಲಿ, ಪಕ್ಕದಲ್ಲಿ ‘ಬೆಸ್ಟ್’ ಸಿಟಿ ಬಸ್ಸು ಉಜ್ಜಿಕೊಂಡು ಬರುವಾಗ ಗಾಜಿನ ಮೇಲೆ ಬೆರಳಾಡಿಸುತ್ತ ಕೂರೋಕಾಗಲ್ಲ. ಉಳಿದ ದುಡ್ಡು ಮುಂದಿನ ಬಾಗಿಲಿನ ಆರೂವರೆ ಇಂಚಿನ ಸ್ಪೀಕರಿಗೆ. ವೈರ್ ಕತ್ತರಿಸಬೇಡ, ಸಿಕ್ಕಿಸಿ ಜೋಡಿಸುವ ಕಪ್ಲರ್ ಹಾಕು ಅಂತ ಪಕ್ಕದಲ್ಲೇ ನಿಂತು ಮಾಡಿಸಿದೆ. ಅಷ್ಟಾದರೂ ಹುಡುಗ ಒಮ್ಮೆ ಕಟರ್ ಎತ್ತಿದ್ದ.

ಇಷ್ಟು ತಿಂಗಳು ಕಾರಲ್ಲಿ ಹಾಡಿಲ್ಲ ಅಂತ ಗೊಣಗಿದವನು ನಾನೇ. ವಾಪಸು ಬರುವಾಗ ಘಾಟ್ಕೋಪರ್ ಜಾಮಿನಲ್ಲಿ ಅಪ್ಪ ತಮ್ಮ ಮೊದಲ ರೇಡಿಯೋದ ಲೈಸೆನ್ಸ್ ಪುಸ್ತಕದ ಕಥೆ ತೆಗೆದರು. ಮುಲುಂಡ್ ಬಂದರೂ ಮುಗಿದಿರಲಿಲ್ಲ. ಹೊಸ ಸ್ಟೀರಿಯೋ ಹಚ್ಚೋದು ಮರೆತೇಹೋಯಿತು.