ಕುದುರೆ ಪಳಗಿಸಲು ಯಾರನ್ನು ಅನುಸರಿಸಬೇಕು?

ಕೊಡಗಿನ ತೋಟಗಳಲ್ಲಿ ಕುದುರೆ ಸಾಕಲು ಹೊರಟವರು, ಅದರಲ್ಲೂ ರೇಸಿನಿಂದ ನಿವೃತ್ತಿಯಾದ ಕುದುರೆಯನ್ನು ಮನೆಗೆ ತಂದುಕೊಂಡವರು, ನನ್ನನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದಿದೆ. ನ್ಯಾಚುರಲ್ ಹಾರ್ಸ್‌ಮನ್‌ಶಿಪ್, ಅಂದರೆ ಕುದುರೆಯ ಸ್ವಭಾವವನ್ನು ಅರಿತು ಬಲಾತ್ಕಾರವಿಲ್ಲದೆ ಪಳಗಿಸುವ ವಿದ್ಯೆ, ಕಲಿಸುವ ಅಮೆರಿಕದ ಹೆಸರಾಂತ ತರಬೇತುದಾರರಲ್ಲಿ ಯಾರನ್ನು ಅನುಸರಿಸಬೇಕು? ಪ್ಯಾಟ್ ಪರೆಲ್ಲಿ ಅವರನ್ನೋ, ಮಾಂಟಿ ರಾಬರ್ಟ್ಸ್ ಅವರನ್ನೋ, ಬಕ್ ಬ್ರಾನಮನ್ ಅವರನ್ನೋ? ಮೂವರ ವಿಡಿಯೊಗಳನ್ನೂ ನೋಡಿ ಎಂದೇ ನಾನು ಹೇಳುತ್ತೇನೆ. ಆದರೆ ನೋಡುವಾಗ ಅವರು ಕುದುರೆಯ ಮೇಲೆ ಹಾಕಿದ ಒತ್ತಡವನ್ನು ಯಾವ ಕ್ಷಣದಲ್ಲಿ ಬಿಟ್ಟರು ಎಂಬುದೊಂದನ್ನು ಗಮನಿಸಿ.

ಈ ಪರಂಪರೆಯ ಹಿರಿಯರು ಟಾಮ್ ಡಾರನ್ಸ್ (1910–2003) ಮತ್ತು ಅವರ ಅಣ್ಣ ಬಿಲ್ ಡಾರನ್ಸ್ (1906–1999). ಇಬ್ಬರೂ ಅಮೆರಿಕದ ಪಶ್ಚಿಮ ಭಾಗದಲ್ಲಿ ದನ ಮೇಯಿಸುವ ವಿಶಾಲ ಬಯಲುಗಳಲ್ಲಿ ಕುದುರೆಯೊಡನೆ ದುಡಿದವರು. ಟಾಮ್ ಅವರಿಂದ ಕಲಿತ ರೇ ಹಂಟ್ (1929–2009) ಊರೂರಿನಲ್ಲಿ ಶಿಬಿರ ನಡೆಸಿ ಆ ವಿದ್ಯೆಯನ್ನು ಹಬ್ಬಿಸಿದರು. ಬ್ರಾನಮನ್ ಹಂಟ್ ಅವರ ಶಿಷ್ಯರು. ಸರಿಯಾದ ದಾರಿಯನ್ನು ಕುದುರೆಗೆ ಸುಲಭಮಾಡಿ, ತಪ್ಪು ದಾರಿಯನ್ನು ಕಷ್ಟಮಾಡಬೇಕು ಎಂಬುದು ಹಂಟ್ ಅವರ ಪಾಠದ ತಿರುಳು.

ಆ ‘ಸುಲಭ’ ಎಂಬುದು ಇರುವುದೇ ಒತ್ತಡದ ಬಿಡುಗಡೆಯಲ್ಲಿ. ಕುದುರೆಯನ್ನು ಹಿಂದಕ್ಕೆ ಸರಿಸಲು ಹಾಲ್ಟರಿನ, ಅಂದರೆ ಅದರ ತಲೆಗೆ ತೊಡಿಸುವ ಕಟ್ಟಿನ, ಹಗ್ಗವನ್ನು ಅದರ ಎದೆಯ ಕಡೆಗೆ ಮೆಲ್ಲಗೆ ಹಿಡಿದಿದ್ದೀರಿ ಎಂದುಕೊಳ್ಳಿ. ಅದು ಮೊದಲು ತಲೆ ಎತ್ತಬಹುದು, ಪಕ್ಕಕ್ಕೆ ತಿರುಗಬಹುದು, ಕೊನೆಗೆ ಭಾರವನ್ನು ಹಿಂಗಾಲಿಗೆ ವರ್ಗಾಯಿಸಬಹುದು. ಭಾರ ಹಿಂದಕ್ಕೆ ಹೋದ ಆ ಕ್ಷಣದಲ್ಲೇ, ಗೊರಸು ನೆಲದಿಂದ ಏಳುವ ಮೊದಲೇ, ನಿಮ್ಮ ಕೈ ಸಡಿಲವಾದರೆ ಅದಕ್ಕೆ ಉತ್ತರ ಸಿಕ್ಕಿತು. ಬದಲಿಗೆ ಅದು ತಲೆ ಎತ್ತಿದಾಗ ನೀವು ಹೆದರಿ ಹಗ್ಗ ಬಿಟ್ಟರೆ, ತಲೆ ಎತ್ತುವುದನ್ನೇ ಅದು ಕಲಿಯುತ್ತದೆ. ಪರೆಲ್ಲಿ ಅವರು ಒತ್ತಡವನ್ನು ಕೂದಲು, ಚರ್ಮ, ಸ್ನಾಯು, ಮೂಳೆ ಎಂದು ನಾಲ್ಕು ಹಂತಗಳಲ್ಲಿ ಏರಿಸುವುದನ್ನು ಕಲಿಸುತ್ತಾರೆ. ಹೊಸಬರು ಈ ಏರಿಕೆಯನ್ನು ಬಹುಬೇಗ ಕಲಿತುಬಿಡುತ್ತಾರೆ. ಆದರೆ ಬೆರಳು ಕೂದಲನ್ನು ಮುಟ್ಟಿದಾಗಲೇ ಕುದುರೆ ಸರಿದರೆ ಅಲ್ಲೇ ನಿಲ್ಲಿಸುವುದು ಆ ಪಾಠದ ಮುಖ್ಯ ಭಾಗ, ಮತ್ತು ಅದನ್ನು ಕಲಿಯಲು ಬಹಳ ಕಾಲ ಬೇಕು.

ಆದ್ದರಿಂದ ವಿಡಿಯೊವನ್ನು ಮೊದಲ ಸಲ ಧ್ವನಿಯಿಲ್ಲದೆ ನೋಡಿ. ತರಬೇತುದಾರರ ಮಾತು ಸೊಗಸಾಗಿರುತ್ತದೆ. ಆ ಮಾತಿನ ಹಿಂದೆ ಹೋದರೆ ಕುದುರೆಯ ಕಿವಿ, ಮೂತಿ, ಕಾಲು ಕಣ್ಣಿಗೆ ಬೀಳುವುದೇ ಇಲ್ಲ. ಎರಡನೆಯ ಸಲ ಅವರ ಕೈಯನ್ನು ಮಾತ್ರ ನೋಡಿ. ಈ ದೃಷ್ಟಿಯಿಂದ ನನಗೆ ಅತ್ಯಂತ ಉಪಯುಕ್ತರಾಗಿ ಕಂಡವರು ಬ್ರಾನಮನ್. ಅವರ ಕೈ ಅವಸರಪಡುವುದಿಲ್ಲ, ತಡಮಾಡುವುದೂ ಇಲ್ಲ.

ರಾಬರ್ಟ್ಸ್ ಅವರ ‘ಜಾಯಿನ್ ಅಪ್’ ವಿಧಾನದ ಬಗ್ಗೆ ನನಗೆ ಎಚ್ಚರವಿದೆ. ದುಂಡನೆಯ ಆವರಣದಲ್ಲಿ ಕುದುರೆಯನ್ನು ದೂರ ಓಡಿಸಿ, ಅದು ಆವರಣದ ನಡುವಿನ ಕಡೆಗಿರುವ ಕಿವಿಯನ್ನು ತಮ್ಮತ್ತ ತಿರುಗಿಸಿ, ತುಟಿ ನೆಕ್ಕಿ, ತಲೆ ತಗ್ಗಿಸಿದಾಗ ಹತ್ತಿರ ಬರಲು ಅವಕಾಶ ಕೊಡುವ ಈ ವಿಧಾನವನ್ನು ಅವರು 1989ರಲ್ಲಿ ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಅವರ ಮುಂದೆ ಪ್ರದರ್ಶಿಸಿದರು. ನುರಿತ ಕಣ್ಣಿಗೆ ಅದು ಸಾಧ್ಯ. ಹೊಸಬರ ಕೈಯಲ್ಲಿ ಅದು ಬೆದರಿದ ಪ್ರಾಣಿಯನ್ನು ದಣಿಯುವವರೆಗೆ ಓಡಿಸುವ ಕೆಲಸವಾಗಿಬಿಡುತ್ತದೆ, ಮತ್ತು ದಣಿದು ಬಂದ ಕುದುರೆಯನ್ನು ವಿಶ್ವಾಸದಿಂದ ಬಂದ ಕುದುರೆ ಎಂದು ತಿಳಿಯುವ ಅಪಾಯವಿದೆ. ಇಳಿಜಾರಿನ ನಮ್ಮ ತೋಟಗಳಲ್ಲಿ ಸಮತಟ್ಟಾದ ಜಾಗವೆಂದರೆ ಬಹುಮಟ್ಟಿಗೆ ಕಾಫಿ ಒಣಗಿಸುವ ಕಣವೇ. ಸಿಮೆಂಟಿನ ಕಣದಲ್ಲಿ ಕುದುರೆಯನ್ನು ಸುತ್ತ ಓಡಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಜಾರಿ ಬಿದ್ದ ಕುದುರೆಯ ಕಾಲು ಮುರಿದರೆ ಅದನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ.

ಇನ್ನೊಂದು ವ್ಯತ್ಯಾಸವನ್ನೂ ನೆನಪಿನಲ್ಲಿಡಬೇಕು. ಆ ಹಿರಿಯರ ವಿದ್ಯೆ ಬೆಳೆದದ್ದು ಬಯಲಿನಲ್ಲಿ, ದನ ಕಾಯುವ ಕುದುರೆಗಳ ನಡುವೆ. ಬೆಂಗಳೂರು, ಮೈಸೂರುಗಳ ರೇಸ್ ಅಂಗಳದಿಂದ ಬಂದ ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆ ಲಗಾಮಿನ ಬಿಗಿತಕ್ಕೆ ಒರಗಿಕೊಂಡೇ ವೇಗವಾಗಿ ಓಡಲು ಕಲಿತಿರುತ್ತದೆ. ಎಳೆದರೆ ನಿಲ್ಲಬೇಕೆಂಬ ಅರ್ಥ ಅದಕ್ಕೆ ಹೊಸದು. ಅದನ್ನು ಹಟಮಾರಿ ಎನ್ನುವುದು ಅನ್ಯಾಯ. ಜೊತೆಗಾರರಿಲ್ಲದೆ ಲಾಯದಲ್ಲಿ ಒಂಟಿಯಾಗಿ ನಿಂತ ಕುದುರೆ, ಕಾಡಂಚಿನಿಂದ ಆನೆಯ ವಾಸನೆ ಬಂದ ಸಂಜೆ ನಿಮ್ಮ ಹಗ್ಗದತ್ತ ಗಮನ ಕೊಡಲಾರದು. ಅದರ ಕಣ್ಣುಗಳು ತಲೆಯ ಪಕ್ಕಗಳಲ್ಲಿದ್ದು, ತಲೆ ತಿರುಗಿಸದೆಯೇ ಸುತ್ತಲಿನ ಸುಮಾರು 350 ಡಿಗ್ರಿಯಷ್ಟು ಅದಕ್ಕೆ ಕಾಣುತ್ತದೆ. ನೀವು ಕಾಣದ್ದನ್ನು ಅದು ಕಂಡಿರಬಹುದು. ಅಂತಹ ಸಂಜೆ ಪಾಠ ಬೇಡ.

ಮಳೆಗಾಲದಲ್ಲಿ ಕುದುರೆ ಕಾಲೂರಲು ಹಿಂಜರಿದರೆ ಮೊದಲು ಗೊರಸನ್ನು ಎತ್ತಿ ನೋಡಿ. ಸದಾ ಒದ್ದೆ ನೆಲದಲ್ಲಿ ನಿಂತರೆ ಗೊರಸಿನಡಿಯ ಮೆತ್ತನೆಯ ತ್ರಿಕೋನ ಭಾಗ ಕೊಳೆತು ದುರ್ವಾಸನೆ ಬರುತ್ತದೆ. ಹಲ್ಲು, ಬೆನ್ನು, ಜೀನು ಇವನ್ನೂ ಪರೀಕ್ಷಿಸಬೇಕು. ಕಚ್ಚುವ, ಮುಂಗಾಲೆತ್ತಿ ನಿಲ್ಲುವ ಕುದುರೆಗೆ ಮೊದಲು ಬೇಕಾದವರು ಪಶುವೈದ್ಯರು. ನಂತರ ಎದುರಿಗೇ ನಿಂತು ತಿದ್ದಬಲ್ಲ ಅನುಭವಿ.

ಆ ಹೆಸರಾಂತ ತರಬೇತುದಾರರ ಹೆಸರಿನಲ್ಲಿ ಮಾರುವ ಕೋಲು, ಹಗ್ಗಗಳಿಗೆ ಹಣ ಸುರಿಯುವ ಅಗತ್ಯವಿಲ್ಲ. ಹಗ್ಗದ ಹಾಲ್ಟರ್ ಒಂದು, ಸುಮಾರು 12 ಅಡಿ ಉದ್ದದ ದಪ್ಪ ಹಗ್ಗ ಒಂದು ಸಾಕು. ಮನೆಯವರ ಕೈಗೆ ಮೊಬೈಲ್ ಕೊಟ್ಟು ನೀವು ಕುದುರೆಯೊಡನೆ ಕೆಲಸ ಮಾಡುವುದನ್ನು ಚಿತ್ರಿಸಿಕೊಳ್ಳಿ, ಬ್ರಾನಮನ್ ಅವರ ಕೈಯನ್ನು ನೋಡಿದಂತೆಯೇ ರಾತ್ರಿ ಧ್ವನಿಯಿಲ್ಲದೆ ನಿಮ್ಮ ಕೈಯನ್ನು ನೋಡಿ, ಮರುದಿನ ಎಲ್ಲಿ ಇನ್ನೂ ಬೇಗ ಬಿಡಬೇಕೆಂದು ಗುರುತು ಹಾಕಿಕೊಳ್ಳಿ.